ಮದರಾಸಿನ ಬರಿಗೈ ಪೂಜೆ

ಗಿರಿಜಾ, ಹೋದ ಸೋಮವಾರ ನೀನು ದೇವರ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ: "ಅಜ್ಜೀ, ಲಿಂಗ ಇನ್ನೂ ಕರಡಿಗೆ ಒಳಗೇ ಐತೆ. ಬರೀ ಕೈ ನೋಡ್ಕಂಡು ಕೂತಿದೀಯಲ್ಲ, ಯಾಕೆ?" ನಿನ್ನ ತಮ್ಮ ಕಿಸಕ್ಕನೆ ನಕ್ಕ. "ಆಮೇಲೆ ಹೇಳ್ತೀನಿ, ಹೋಗಿ" ಎಂದು ನಾನು ಜಾರಿಕೊಂಡೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಇಬ್ಬರ ಎದುರು ಮಾತಾಡಬೇಕೆಂದರೂ ನಾಲಿಗೆ ಒಣಗುತ್ತದೆ. ಕೂಲಿಮಠದಲ್ಲಿ ಕಲಿತ ನಾಲ್ಕಕ್ಷರ ಇದೆ, ಬರೆಯುತ್ತೇನೆ. ತಪ್ಪಿದ್ದರೆ ನಿಮ್ಮಪ್ಪನ ಕೈಲಿ ತಿದ್ದಿಸಿಕೊಂಡು ಓದಿ.

ಇದು ನಾನು ಮದರಾಸಿಗೆ ಹೋದ ಕಥೆ. ಕನ್ನಡ ನಾಡೆಲ್ಲ ಒಂದಾಯಿತು ಎಂದು ಊರಲ್ಲಿ ಬಾವುಟ ಕಟ್ಟಿದರಲ್ಲ, ಅದರ ಮಾರನೆಯ ವರ್ಷ. ನಿಮ್ಮ ಅಜ್ಜ ತೀರಿಕೊಂಡು ಆರು ವರ್ಷವಾಗಿತ್ತು. ತಿಪಟೂರಿನ ಸಂತೆಗಿಂತ ದೂರ ಹೋಗದ ನನಗೆ ಮದರಾಸು ಎಂದರೆ ಪರದೇಶವೇ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೆ ನಿಮ್ಮಮ್ಮ ಆರಿಸುತ್ತಿದ್ದಳು, ಅದಕ್ಕೆ ಚಿಂತೆಯಿರಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕೂತು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೋಡಿದರೆ ಅದು ಹೊಗೆಯಾಗಿ ಹೋಗಿತ್ತು. ಅಂದು ನನಗೆ ಹೆದರಿಕೆ ಹುಟ್ಟಿತು. ಮದರಾಸಿಗೆ ಬಂದು ಪೊರೆ ತೆಗೆಸಿಕೊ ಎಂದು ನನ್ನ ಮಗಳು, ನಿಮ್ಮ ಮಂಗಳತ್ತೆ, ಕರೆಯುತ್ತಲೇ ಇದ್ದಳು, ಒಪ್ಪಿಕೊಂಡೆ.

ಹುಟ್ಟಿದ ಮೇಲೆ ಕಟ್ಟಿದ ಲಿಂಗ ನಮ್ಮ ಮೈ ಬಿಡುವುದಿಲ್ಲ. ಸತ್ತಾಗ ಅಂಗೈಯಲ್ಲಿ ಅದನ್ನಿಟ್ಟೇ ಮಣ್ಣು ಮಾಡುತ್ತಾರೆ. ಇದು ನಿಮಗೂ ಗೊತ್ತು. ಹೊರಡುವ ಮುಂಚೆ ಮಠದ ಮರುಳಯ್ಯನವರ ಹತ್ತಿರ ಹೋದೆ. ಅವರ ಧ್ವನಿ ಕೇಳಿದರೆ ದನಗಳೂ ಮೇವು ಬಿಟ್ಟು ತಲೆಯೆತ್ತುತ್ತಿದ್ದವು.

"ಹೋಗ್ಬಾ ತಾಯಿ. ಒಂದ್ ಮಾತು ನೆಪ್ಪಿಟ್ಕ. ಲಿಂಗ ಅಂಗ ಬಿಡಬಾರ್ದು. ಬಿಡ್ತೋ, ಮತ್ತೆ ಕೈಗೆ ಸಿಗೋತಂಕ ಒಂದ್ ಹನಿ ನೀರೂ ಮುಟ್ಟಬ್ಯಾಡ."

ಆ ಮಾತನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡ ಹಾಗೆ ಹೊತ್ತುಕೊಂಡು ಹೊರಟೆ.

ರೈಲು

ನಿಮ್ಮ ಮಂಗಳತ್ತೆಯ ಗಂಡ, ಆಗ ಮದರಾಸಿನ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಕರೆದುಕೊಂಡು ಹೋಗಲು ಬಂದಿದ್ದರು. ಅಳಿಯಂದಿರ ಎದುರು ನಾನು ತಲೆಯ ಸೆರಗು ಜಾರಿಸಿದವಳಲ್ಲ. ಬೆಂಗಳೂರಿನಿಂದ ಆಚೆ ಇಡೀ ಹಗಲು ಎದುರುಬದುರು ಕೂತು ಹೋಗುವುದು ನನಗೂ ಕಷ್ಟ, ಪಾಪ ಅವರಿಗೂ ಕಷ್ಟ. ಬಂಗಾರಪೇಟೆ ದಾಟುವ ತನಕ ನಾವಿಬ್ಬರೂ ಆಡಿದ್ದು ಒಂದೇ ಮಾತು. "ಅತ್ತೆ, ಕಿಟಕಿ ಕಡೆ ಮುಖ ಇಡಬೇಡಿ, ಕಿಡಿ ಹಾರುತ್ತೆ." ಅವರು ಹೇಳಿ ಮುಗಿಸುವಷ್ಟರಲ್ಲಿ ಕಲ್ಲಿದ್ದಲ ಚೂರೊಂದು ಎಡಗಣ್ಣಿಗೆ ಬಿತ್ತು. ಪೊರೆ ಬಂದ ಕಣ್ಣೂ ಉರಿಯುತ್ತದೆ ಎಂದು ಅವತ್ತು ತಿಳಿಯಿತು.

ಎದುರಿಗೆ ತಮಿಳರ ಸಂಸಾರ. ಆ ಮನೆಯಾಕೆ ಹಿತ್ತಾಳೆ ಡಬ್ಬಿ ಬಿಚ್ಚಿ ಗುರುತಿಲ್ಲದ ನಮಗೂ ಎಲೆಯ ಮೇಲೆ ಮೊಸರನ್ನ ಇಟ್ಟಳು. ನಮ್ಮೂರಲ್ಲಿ ಮೊದಲು ಯಾವೂರು, ಯಾರ ಪೈಕಿ ಎಂದು ಕೇಳಿ ಆಮೇಲೆ ಎಲೆ ಹಾಕುತ್ತೇವೆ. ಅವಳು ಅನ್ನ ಬಡಿಸಿದ ಮೇಲೆ ಕೇಳಿದಳು. ನನ್ನ ಎದೆಯ ಮೇಲಿನ ಕರಡಿಗೆಯ ಉಬ್ಬನ್ನು ಬೆರಳಿಂದ ತೋರಿಸಿ ಏನೆಂದು ವಿಚಾರಿಸಿದಳು. ಅಳಿಯಂದಿರು "ಸ್ವಾಮಿ" ಎಂದರು. ಯಾವ ಸ್ವಾಮಿ ಎಂದೂ ಕೇಳದೆ ಎಂಜಲು ಕೈಯನ್ನು ಹಿಂದಕ್ಕಿಟ್ಟು, ಎಡಗೈ ಒಂದನ್ನೇ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು.

ಮೈಲಾಪೂರಿನ ಮನೆ

ಮಂಗಳ ಇದ್ದದ್ದು ಮೈಲಾಪೂರಿನ ಒಂದು ಹಳೆಯ ವಠಾರದಲ್ಲಿ. ಆರು ಸಂಸಾರಕ್ಕೆ ಒಂದು ಬಾವಿ. ನೀರು ಉಪ್ಪು. ಗಾಳಿಯೂ ಉಪ್ಪು. ಬೆಳಗಾದರೆ ಹೆಂಗಸರೆಲ್ಲ ಮೊಳದಗಲದ ಬೀದಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುತ್ತಿದ್ದರು. ನಮ್ಮ ಅಂಗಳದಲ್ಲಿ ಅಂಥ ಮೂವತ್ತು ರಂಗೋಲಿ ಹಿಡಿಸುತ್ತವೆ, ನಾವು ಹಾಕುವುದು ಒಂದು. ಆ ಊರಿನಲ್ಲಿ ಹಣೆಗೆ ಹಚ್ಚಿದ ವಿಭೂತಿ ಎಂಟು ಗಂಟೆಗೆಲ್ಲ ಬೆವರಿನ ಜೊತೆ ಕೆನ್ನೆಗಿಳಿಯುತ್ತದೆ. ವಠಾರದ ಮಕ್ಕಳು ನನ್ನನ್ನು ನೋಡಿ ನಗುತ್ತಿದ್ದವು. ಮಂಗಳನ ಮಗನೂ ನಕ್ಕ. "ಏನೋ ನಗ್ತೀಯ?" ಎಂದರೆ "ಒಣ್ಣುಮಿಲ್ಲೆ ಪಾಟಿ" ಎಂದ. ಏನೂ ಇಲ್ಲ ಅಜ್ಜಿ ಎಂದಂತೆ. ನನ್ನ ಮೊಮ್ಮಗ ಹೇಳಿದ್ದನ್ನು ನನಗೆ ಅವನಮ್ಮ ಬಿಡಿಸಿ ಹೇಳಬೇಕಾಯಿತು.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಮಂಗಳ ಅಲ್ಲಿನ ನಿಯಮಗಳನ್ನು ಹೇಳಿದಳು. ಒಂದು ಕಣ್ಣು ಕುಯ್ದರೂ ಎರಡಕ್ಕೂ ಕಟ್ಟು ಹಾಕುತ್ತಾರೆ. ಐದು ದಿನ ಅಂಗಾತ ಮಲಗಿರಬೇಕು. ತಲೆಯ ಎರಡೂ ಕಡೆ ಮರಳಿನ ಚೀಲ ಇಡುತ್ತಾರೆ. ಹಣೆಗೆ ವಿಭೂತಿ ಬೇಡ, ಪುಡಿ ಕಣ್ಣಿಗೆ ಬೀಳುತ್ತದೆ. ಮೈಮೇಲೆ ದಾರ, ಸರ, ಬಳೆ ಏನೂ ಇರಕೂಡದು.

"ದಾರಾನೂ ಇರಬಾರ್ದಾ?"

"ಇಲ್ಲ ಕಣವ್ವ. ಕುತ್ತಿಗೇಲಿ ಏನೂ ಇರಬಾರ್ದಂತೆ. ಕರಡಿಗೆ ನನ್ನ ಕೈಲಿ ಕೊಡು. ದೇವ್ರ ಗೂಡಲ್ಲಿಟ್ಟು ದಿನಾ ದೀಪ ಹಚ್ತೀನಿ. ಐದು ದಿನ ತಾನೆ?"

ಐದು ದಿನ ತಾನೆ ಎಂದು ಅವಳು ಎಷ್ಟು ಸಲೀಸಾಗಿ ಹೇಳಿದಳು! ಕುಯ್ಯುವ ಹೊತ್ತಿನಲ್ಲಿ ಜೀವ ಹೋದರೆ? ಬರಿಮೈಯಲ್ಲಿ, ಗೊತ್ತಿಲ್ಲದ ಊರಿನಲ್ಲಿ, ಕೈಯಲ್ಲಿ ಲಿಂಗವಿಲ್ಲದೆ ನಾನು ಯಾರಾಗಿ ಸಾಯುತ್ತೇನೆ? ವಾಪಸು ಊರಿಗೆ ಹೋಗೋಣ ಎನ್ನಲು ಬಾಯಿ ತೆರೆದೆ. ಅಳಿಯಂದಿರು ರಜೆ ಹಾಕಿದ್ದರು.

ಆಮೇಲೆ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಗೋಡೆಯ ಕಡೆ ತಿರುಗಿ ಶಿವದಾರ ಬಿಚ್ಚಿದೆ. ಬೆಳ್ಳಿಯ ಕರಡಿಗೆ ತೆರೆದು, ದೊಡ್ಡ ನೇರಳೆ ಹಣ್ಣಿನಷ್ಟಿದ್ದ ಲಿಂಗವನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಖಾಲಿ ಕರಡಿಗೆಯನ್ನು ಟಕ್ಕೆಂದು ಮುಚ್ಚಿ ಮಗಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಅದು ಖಾಲಿ ಎಂದು ನಾನು ಹೇಳಲಿಲ್ಲ.

ಕುಯ್ಯುವ ಮೇಜು

ಮಾರನೆಯ ದಿನ ಆಸ್ಪತ್ರೆಯ ಸೀರೆ ಉಡಿಸಿ ಮೇಜಿನ ಮೇಲೆ ಮಲಗಿಸಿದರು. ಲಿಂಗವನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದಿದ್ದೆ. ಅನ್ನಮ್ಮ ಎಂಬ ಕೇರಳದ ನರ್ಸು, ಕೊರಳಲ್ಲಿ ಪುಟ್ಟ ಶಿಲುಬೆ ಹಾಕಿಕೊಂಡವಳು, ನನ್ನ ಕಿವಿಯ ಹತ್ತಿರ ಬಗ್ಗಿ ಮೂರು ಮಾತು ಹೇಳಿದಳು. "ಅಸೈಯಕ್ಕೂಡಾದು. ಪೇಸಕ್ಕೂಡಾದು. ಅಳಕ್ಕೂಡಾದು." ಅಲುಗಬಾರದು, ಮಾತಾಡಬಾರದು, ಅಳಬಾರದು ಎಂದು ಕೈಸನ್ನೆಯಿಂದಲೂ ತೋರಿಸಿದಳು. ನನಗೆ ಬಂದ ತಮಿಳು ಅಷ್ಟೆ. ಇವತ್ತಿಗೂ ಅಷ್ಟೆ.

ಔಷಧಿ ಬಿಟ್ಟರು. ಸೂಜಿ ಚುಚ್ಚಿದರು. ಡಾಕ್ಟರು ಏನೋ ಹೇಳುತ್ತಿದ್ದರು, ಕಣ್ಣಿನ ಮೇಲೆ ದೊಡ್ಡ ಬೆಳಕೊಂದು ಕೆಂಪಾಯಿತು, ಹಳದಿಯಾಯಿತು. ಮುಷ್ಟಿಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಉಗುರು ಅಂಗೈಗೆ ಇಳಿದಿತ್ತು. "ಶಿವನೇ, ಶಿವನೇ" ಎನ್ನುತ್ತಲೇ ಮಂಪರು ಹತ್ತಿತು.

ಮೊದಲನೇ ದಿನ

ಎಚ್ಚರವಾದಾಗ ಕತ್ತಲೆ. ಹಗಲೋ ರಾತ್ರಿಯೋ ತಿಳಿಯದು. ಕಾಗೆಗಳು ಕೂಗುತ್ತಿದ್ದವು, ಆದ್ದರಿಂದ ಹಗಲು ಎಂದುಕೊಂಡೆ. ಕಿವಿಯ ಎರಡೂ ಕಡೆ ಮರಳಿನ ಚೀಲ. ಕಣ್ಣು ಮುಟ್ಟಿಕೊಳ್ಳಬಾರದೆಂದು ಎರಡೂ ಕೈಯನ್ನು ಬಟ್ಟೆಯಿಂದ ಮಂಚದ ಪಟ್ಟಿಗೆ ಸಡಿಲವಾಗಿ ಕಟ್ಟಿದ್ದರು.

ಎಡಗೈಯ ಮುಷ್ಟಿ ಬಿಚ್ಚಿಕೊಂಡಿತ್ತು. ಅದರಲ್ಲಿ ಏನೂ ಇರಲಿಲ್ಲ.

ಬೆರಳು ಮಡಿಚಿದೆ, ಬಿಡಿಸಿದೆ. ಹಾಸಿಗೆಯ ಬಟ್ಟೆಯನ್ನು ಬೆರಳಿಗೆ ಸಿಕ್ಕಷ್ಟು ತಡಕಿದೆ. ಬೆವರಿನ ಒದ್ದೆ ಬಿಟ್ಟು ಬೇರೇನೂ ಸಿಗಲಿಲ್ಲ. ಎದ್ದು ಹುಡುಕಿದರೆ ಕಣ್ಣು ಹೋಗುತ್ತದೆ. ಯಾರನ್ನಾದರೂ ಕೇಳಿದರೆ ಕದ್ದು ತಂದದ್ದು ಹೊರಬೀಳುತ್ತದೆ. ಕಸ ಗುಡಿಸುವವರು ಕಲ್ಲೆಂದು ಎಸೆದಿದ್ದರೆ? ಯಾರ ಕಾಲ ಕೆಳಗೋ ಸಿಕ್ಕಿದ್ದರೆ? ಅಳು ಬಂತು. ಅಳಕ್ಕೂಡಾದು.

ಆಗ ಬಲಗಡೆಯಿಂದ ಒಂದು ದನಿ ಬಂತು. "ಎದ್ದಿರಾ ಮಾ? ತಲೆ ತಿರುಗಿಸ್ಬೇಡಿ, ಸಿಸ್ಟರ್ ಬೈತಾಳೆ. ನಾನು ಪಕ್ಕದ ಮಂಚ. ಆಂಡಾಳು ಅಂತ. ನನಗೂ ಕಣ್ಣು ಕಟ್ಟಿದ್ದಾರೆ. ನಿಮ್ಮ ಮಗಳು ಕನ್ನಡಂ ಮಾತಾಡಿದ್ದು ಕೇಳಿ ರೊಂಬ ಸಂತೋಷ ಆಯ್ತು. ನಮ್ಮ ತಾತನ ಕಾಲದಲ್ಲೇ ಮೇಲುಕೋಟೆ ಬಿಟ್ಟು ಇಲ್ಲಿಗೆ ಬಂದ್ವಿ. ಕನ್ನಡಂ ಬಾಯಲ್ಲಿ ಕೊಂಜಂ ದಾನ್, ಸ್ವಲ್ಪವೇ, ಉಳಿದಿದೆ. ನೀವು ಯಾರು? ಲಿಂಗಾಯತರಾ? ಸೆರಿ ಸೆರಿ. ನಂದು ನಾಮ, ನಿಮ್ದು ವಿಭೂತಿ. ಕಟ್ಟು ಬಿಚ್ಚೋ ವರೆಗೆ ಇಬ್ಬರ ಹಣೇನೂ ಖಾಲಿ ದಾನ್!"

ಅವಳೊಬ್ಬಳೇ ನಕ್ಕಳು. ಮಾತಾಡಬಾರದು ಎಂಬ ನಿಯಮ ಆ ಮಂಚಕ್ಕೆ ಅನ್ವಯಿಸುತ್ತಿರಲಿಲ್ಲ. ಸೊಸೆಯ ರಸಂ, ಮಗನ ಬ್ಯಾಂಕು, ವೈಕುಂಠ ಏಕಾದಶಿಯ ನೂಕುನುಗ್ಗಲು ಎಲ್ಲ ಕೇಳಿದ್ದಾಯಿತು. ನಾನು "ಹೂಂ" ಎನ್ನುತ್ತ ಬೆರಳು ಮಡಿಚಿ ಬಿಡಿಸುತ್ತ ಇದ್ದೆ.

ಬೇರೊಬ್ಬ ನರ್ಸು ಮೂತಿಯಿರುವ ಬಟ್ಟಲಲ್ಲಿ ಗಂಜಿ ತಂದಳು. ನಾನು ತುಟಿ ಬಿಗಿದೆ. ನೀರು ತಂದಳು. ಬಿಗಿದೆ. ಅವಳು ಗೊಣಗಿಕೊಂಡು ಹೋದಳು.

"ಏನ್ ಮಾ," ಎಂದಳು ಆಂಡಾಳಮ್ಮ, "ವೈಷ್ಣವಳ ಪಕ್ಕ ಮಲಗಿದ್ದಕ್ಕೆ ಉಪವಾಸವಾ? ಏಕಾದಶಿ ನಂದು, ಪಟ್ಟಿಣಿ ನಿಮ್ದಾ?"

ಎರಡನೇ ದಿನ

ಬೆಳಿಗ್ಗೆ ಗಂಟಲು ಒಣಗಿ ತರಗಾಗಿತ್ತು. ಮದರಾಸಿನ ಸೆಕೆಯಲ್ಲಿ ಒಂದು ದಿನ ನೀರಿಲ್ಲದಿರುವುದು ನಮ್ಮೂರಿನ ಮೂರು ದಿನಕ್ಕೆ ಸಮ. ಡಾಕ್ಟರು ಬಂದು ಆಂಡಾಳಮ್ಮನ ಮೂಲಕ ಹೇಳಿಸಿದರು: ಗಂಟಲು ಒಣಗಿದರೆ ಕೆಮ್ಮು ಬರುತ್ತದೆ, ಒಂದು ಸಲ ಜೋರಾಗಿ ಕೆಮ್ಮಿದರೆ ಕುಯ್ದ ಕಣ್ಣು ಬಾಯಿಬಿಡುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ.

ನೀರು ಕುಡಿದರೆ ಮರುಳಯ್ಯನವರ ಮಾತು ಮೀರಿದ ಹಾಗೆ. ಕುಡಿಯದಿದ್ದರೆ ಕಣ್ಣು ಹೋದ ಹಾಗೆ. ಲಿಂಗ ಕಾಣಲೆಂದೇ ಕಣ್ಣು ಕುಯ್ಯಿಸಿಕೊಳ್ಳಲು ಬಂದವಳು ಲಿಂಗವನ್ನೇ ಕಳೆದುಕೊಂಡಿದ್ದೆ.

ಮಧ್ಯಾಹ್ನ ಮಂಗಳ ಬಂದಳು. ಕಾಲು ಒತ್ತುತ್ತ ಹೇಳಿದಳು, "ಅವ್ವ, ನಿನ್ ಕರಡಿಗೆಗೆ ಎರಡೊತ್ತೂ ದೀಪ ಹಚ್ತಿದೀನಿ. ಹೂವೂ ಇಟ್ಟಿದೀನಿ. ಇನ್ನೇನ್ ಭಯ ನಿಂಗೆ? ನೀರು ಯಾಕ್ ಕುಡೀವಲ್ಲೆ?"

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮಾತಿನ ಬದಲು ಕೆಮ್ಮಿನ ಕೆರೆತ ಬಂತು. ಉಸಿರು ಹಿಡಿದು ನುಂಗಿದೆ. "ಏನಿಲ್ಲ, ನೀ ಹೋಗು, ಮಗು ಸ್ಕೂಲಿಂದ ಬರೋ ಹೊತ್ತಾಯ್ತು" ಎಂದೆ.

ಅವಳ ಹೆಜ್ಜೆ ಸದ್ದು ಮೆಟ್ಟಿಲು ಇಳಿದ ಮೇಲೆ ಆಂಡಾಳಮ್ಮ ಮೆಲ್ಲಗೆ ಕೇಳಿದಳು. "ಏನೋ ಮುಚ್ಚಿಡ್ತಿದೀರಿ. ನನಗೆ ಕಣ್ಣು ದಾನ್ ಕಟ್ಟಿರೋದು, ಕಿವಿಗೆ ಕಟ್ಟಿಲ್ಲ. ಹೇಳಿ."

ಮುಖ ಕಾಣದ್ದರಿಂದಲೋ ಏನೋ, ಹೇಳಿದೆ. ನನ್ನ ಜನ್ಮದಲ್ಲಿ ಪರರಿಗೆ ಅಷ್ಟು ಮಾತು ಹೇಳಿದ್ದು ಅದೇ ಮೊದಲು. ಖಾಲಿ ಕರಡಿಗೆ, ಮುಷ್ಟಿ, ಅಯ್ಯನವರ ಮಾತು, ಎಲ್ಲ.

ಎರಡು ದಿನದಲ್ಲಿ ಮೊದಲ ಸಲ ಅವಳು ತೆಪ್ಪಗಾದಳು. ಆಮೇಲೆ ಹೇಳಿದಳು: "ಹುಡುಕೋಕೆ ನನಗೂ ಕಣ್ಣಿಲ್ಲೆ, ನಿಮಗೂ ಇಲ್ಲೆ. ಅನ್ನಮ್ಮ ಬೇರೆ ವಾರ್ಡಿಗೆ ಹೋಗಿದ್ದಾಳೆ, ಬರಲಿ, ಕೇಳೋಣ. ಅಲ್ಲೀವರೆಗೆ ನಿಮ್ಮ ಸ್ವಾಮೀನ ಕರೀರಿ. ನನ್ನ ಗಲಾಟೇಲಿ ಅವರಿಗೆ ನಿಮ್ಮ ದನಿ ಕೇಳಿಸಿರೋಲ್ಲ. ನಾನು ಬಾಯಿ ಮುಚ್ಕೊಂಡಿರ್ತೀನಿ. ಸತ್ಯಮಾ."

ನಿಜವಾಗಿ ಮುಚ್ಚಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದು ಆಕೆಗೆ ಎಷ್ಟು ಕಷ್ಟವೆಂದು ಆಗಾಗ ಬರುತ್ತಿದ್ದ ನಿಟ್ಟುಸಿರಿನಿಂದ ತಿಳಿಯುತ್ತಿತ್ತು.

ಆ ಮೌನ ನನಗೆ ಹಿಡಿಸಲಿಲ್ಲ. ಅವಳ ಮಾತೇ ವಾಸಿಯಾಗಿತ್ತು. ಸದ್ದು ನಿಂತ ಕೂಡಲೇ ಒಳಗಿನ ಹೆದರಿಕೆಗಳು ಒಂದೊಂದಾಗಿ ಎದ್ದು ಬಂದವು. ತಪ್ಪು ಮಾಡಿದೆ. ಸುಳ್ಳು ಹೇಳಿದೆ. ಅವನು ನನ್ನನ್ನು ಬಿಟ್ಟು ಹೋದ.

ಪೂಜೆಗೆ ಕೂರೋಣ ಎಂದು ಮನಸ್ಸಿನಲ್ಲೇ ಶುರು ಮಾಡಿದೆ. ನಮ್ಮ ಮನೆಯ ಬಾವಿಯಿಂದ ನೀರು ಸೇದಿದೆ. ಕೈಕಾಲು ತೊಳೆದೆ. ಮಣೆ ಹಾಕಿದೆ. ಬಿಲ್ವಪತ್ರೆ ಬಿಡಿಸಿದೆ. ವಿಭೂತಿ ಧರಿಸಿದೆ. ಎಡಗೈ ಮುಂದೆ ಚಾಚಿದೆ. ಇಡಲು ಲಿಂಗವಿಲ್ಲ. ಮತ್ತೆ ಮೊದಲಿನಿಂದ ಬಾವಿಗೆ ಹೋದೆ. ನೀರು, ಮಣೆ, ಪತ್ರೆ, ವಿಭೂತಿ. ಕೈ ಚಾಚಿದರೆ ಮತ್ತೆ ಖಾಲಿ. ಹೀಗೆ ಎಷ್ಟು ಸಲ ಆ ಬಾವಿಯಿಂದ ನೀರು ಸೇದಿದೆನೋ ಲೆಕ್ಕವಿಲ್ಲ. ಕೊನೆಗೆ ಸೇದಲು ಶಕ್ತಿಯಿಲ್ಲದೆ, ಚಾಚಿದ ಕೈಯನ್ನು ಹಾಗೇ ಬಿಟ್ಟೆ.

ಮೂವತ್ತು ನಲವತ್ತು ವರ್ಷದ ಪೂಜೆಯಲ್ಲಿ ನಾನು ಯಾವತ್ತೂ ಸುಮ್ಮನೆ ಕೂತವಳಲ್ಲ ಎಂದು ಆಗ ಹೊಳೆಯಿತು. ಹಸು ಕರು ಹಾಕಲಿ, ಮಂಗಳನ ಹೆರಿಗೆ ಸುಖವಾಗಲಿ, ನಿಮ್ಮಜ್ಜನ ಜ್ವರ ಇಳಿಯಲಿ ಎಂದು ಬೇಡುತ್ತಲೇ ಇರುತ್ತಿದ್ದೆ. ಅವತ್ತು ಬೇಡಲು ಮುಖವಿರಲಿಲ್ಲ. ಕದ್ದು ಸುಳ್ಳು ಹೇಳಿದವಳು ಏನೆಂದು ಬೇಡುವುದು? ಬಾಯಿ ಮುಚ್ಚಿಕೊಂಡಿತು. ಆಮೇಲೆ ಮನಸ್ಸೂ.

ದೂರದಲ್ಲಿ ಸಮುದ್ರ ಇತ್ತು. ನಡುನಡುವೆ ಕಾಗೆ, ಬೀದಿಯಲ್ಲಿ ಸೈಕಲ್ ರಿಕ್ಷಾದ ಗಂಟೆ. ಅವೆಲ್ಲ ಹಿಂದೆ ಸರಿದ ಮೇಲೆ ಎಡ ಅಂಗೈಯ ನಡುವೆ, ಲಿಂಗ ಕೂರುವ ಜಾಗದಲ್ಲಿ, ಏನೋ ಮಿಡಿಯುತ್ತಿರುವುದು ಗೊತ್ತಾಯಿತು. ನನ್ನದೇ ನಾಡಿ ಇರಬಹುದು. ನಾನು ಜಂಬ ಕೊಚ್ಚುವುದಿಲ್ಲ ಮಕ್ಕಳೇ, ಯಾವ ದನಿಯೂ ಕೇಳಿಸಲಿಲ್ಲ. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ನಾನು ಕೇಳಿಸಿಕೊಳ್ಳಲು ಕಾದಿದ್ದೆ. ಅತ್ತ ಕಡೆಯಿಂದಲೂ ಯಾರೋ ಉಸಿರು ಬಿಗಿಹಿಡಿದು ನನ್ನನ್ನು ಕೇಳಿಸಿಕೊಳ್ಳುತ್ತಿದ್ದ ಹಾಗಿತ್ತು. ಅಷ್ಟೆ. ಹೆದರಿಕೆ ಹೋಗಲಿಲ್ಲ. ಆದರೆ ಅದರೊಳಗೆ ನಾನೊಬ್ಬಳೇ ಇರಲಿಲ್ಲ.

ಸಂಜೆಗೆ ಕೆಮ್ಮು ಮತ್ತೆ ಗಂಟಲಿಗೆ ಬಂದು ಕೂತಿತು. ಈ ಸಲ ನುಂಗಲು ಎಂಜಲೂ ಇರಲಿಲ್ಲ.

"ಆಂಡಾಳಮ್ಮಾರೇ," ಎಂದೆ, "ನೀರು."

ಅವಳು ಇಡೀ ವಾರ್ಡು ಬೆಚ್ಚಿಬೀಳುವಂತೆ ಕೂಗಿದಳು: "ಸಿಸ್ಟರ್! ತಣ್ಣಿ! ತಣ್ಣಿ!"

ಬಟ್ಟಲಿನ ಮೂತಿ ತುಟಿಗೆ ತಾಗಿತು. ಮರುಳಯ್ಯನವರ ಕೆಂಪು ಕಣ್ಣು ಎದುರಿಗೆ ನಿಂತಿತು. ಆದರೂ ನುಂಗಿದೆ. ಆ ಉಪ್ಪು ನೀರು ಗಂಟಲು ಇಳಿದದ್ದು ಈಗಲೂ ನೆನಪಿದೆ.

ಐದನೇ ದಿನ

ಕೇಳೋಣವೆಂದರೆ ಅನ್ನಮ್ಮ ಬರಲೇ ಇಲ್ಲ. ಉಳಿದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಬರಿಗೈಯನ್ನೇ ಚಾಚಿ ಮಲಗುತ್ತಿದ್ದೆ. ಆಂಡಾಳಮ್ಮ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ "ಮುಗೀತಾ?" ಎಂದು ಕೇಳಿ, ಬಾಕಿ ಮಾತನ್ನೆಲ್ಲ ಒಟ್ಟಿಗೆ ಆಡುತ್ತಿದ್ದಳು.

ಐದನೇ ದಿನ ಕಟ್ಟು ಬಿಚ್ಚಲು ಬಂದವಳು ಅನ್ನಮ್ಮನೇ. ಬೆಳಕು ಚುಚ್ಚಿತು. ಕೆರೆಯ ನೀರಿನೊಳಗಿಂದ ನೋಡಿದ ಹಾಗೆ ಎಲ್ಲವೂ ಅಲುಗುತ್ತಿತ್ತು. ಅದರ ನಡುವೆ ಒಂದು ಕೈ ನನ್ನ ತಲೆಯ ಮೇಲೆ ಹಾದು, ಮಂಚದ ತಲೆಕಡೆಯ ಸರಳಿಗೆ ಕಟ್ಟಿದ್ದ ಸಣ್ಣ ಬಿಳಿ ಗಂಟನ್ನು ಬಿಚ್ಚಿತು. ಬ್ಯಾಂಡೇಜು ಬಟ್ಟೆಯ ಗಂಟು. ಅವಳು ಅದನ್ನು ನನ್ನ ಅಂಗೈಯಲ್ಲಿಟ್ಟು ಬಿಡಿಸಿದಳು. ಕಪ್ಪಗೆ, ನೇರಳೆ ಹಣ್ಣಿನಂತೆ, ನನ್ನ ಲಿಂಗ.

ಅನ್ನಮ್ಮ ತಮಿಳಿನಲ್ಲಿ ಹೇಳಿದ್ದನ್ನು ಆಂಡಾಳಮ್ಮ ಕನ್ನಡ ಮಾಡಿದಳು. ಮಂಪರಿನಲ್ಲಿ ನನ್ನ ಮುಷ್ಟಿ ಸಡಿಲವಾದಾಗ ಅದು ಕೆಳಗೆ ಬೀಳುವುದರಲ್ಲಿತ್ತಂತೆ. ದೇವರದ್ದು ಎಂದು ತಿಳಿದು ನೆಲಕ್ಕೆ ತಾಗಿಸದೆ ಹಿಡಿದಳಂತೆ. ಕಾಲಕಡೆ ಇಡಬಾರದೆಂದು ತಲೆಕಡೆಗೆ ಕಟ್ಟಿದಳಂತೆ. "ಅವತ್ತೇ ಹೇಳಿದ್ದಾಳೆ ನಿಮಗೆ. ನೀವು ತಲೆ ಆಡಿಸಿದಿರಂತೆ. ತಲೆ ಆಡಿಸಿದ್ದಕ್ಕೆ ಬೈದಳಂತೆ!"

ನನಗೆ ಒಂದೂ ನೆನಪಿಲ್ಲ. ಐದು ದಿನ ಅದು ನನ್ನ ನೆತ್ತಿಯಿಂದ ಒಂದು ಗೇಣು ಮೇಲಿತ್ತು.

ಆಮೇಲೆ ಆಂಡಾಳಮ್ಮನ ಕಡೆ ನೋಡಿದೆ, ಅವಳ ಕಟ್ಟನ್ನೂ ಅವತ್ತೇ ಬಿಚ್ಚಿದ್ದರು. ಆ ಗಂಟಲಿಗೆ ತಕ್ಕ ದೊಡ್ಡ ಆಳು ಎಂದುಕೊಂಡಿದ್ದೆ. ಗುಬ್ಬಚ್ಚಿಯಂಥ ಮುದುಕಿ. ಅವಳೂ ನನ್ನನ್ನು ದಿಟ್ಟಿಸಿ "ಐಯೋ, ಇಷ್ಟು ಎತ್ತರ ಇಟ್ಕೊಂಡು ಅಷ್ಟು ಸಣ್ಣ ದನಿಯಾ!" ಎಂದಳು.

ಮಂಗಳ ಬಂದಾಗ ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು. "ಅಂದ್ರೆ ಐದು ದಿನ ನಾನು ಖಾಲಿ ಡಬ್ಬಿಗೆ ಕೈ ಮುಗಿದೆನೇನವ್ವ?"

"ನಾನೂ ಖಾಲಿ ಕೈಗೇ ಮುಗಿದದ್ದು ಕಣೆ" ಎಂದೆ. ಅವಳು ಬೈಯಲು ಹೊರಟು ಅತ್ತುಬಿಟ್ಟಳು. ನನಗೆ ಅಳಲು ಇನ್ನೂ ಅಪ್ಪಣೆ ಸಿಕ್ಕಿರಲಿಲ್ಲ.

ಊರು

ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಊರಿಗೆ ಬಂದ ಮೂರನೆಯ ದಿನ ಮಠಕ್ಕೆ ಹೋದೆ. ಹೋಗದೆ ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಮರುಳಯ್ಯನವರು ಜಗುಲಿಯ ಮೇಲೆ ಕೂತಿದ್ದರು.

"ಬಿಟ್ಟಿತ್ತು ಬುದ್ಧಿ. ಐದು ದಿನ. ಸಿಗಾಕ್ ಮುಂಚೆ ನೀರು ಕುಡ್ದೆ."

ಬೈಗುಳಕ್ಕೆ ಕಾದು ನಿಂತೆ. ನನ್ನ ಎಡಗೈ ತಾನಾಗಿ ಬಿಚ್ಚಿಕೊಂಡಿತ್ತು. ಅವರು ಅದನ್ನು ನೋಡಿದರು.

"ಕುಡಿಯೋವಾಗ ಭಯ ಆಯ್ತಾ?"

"ಆಯ್ತು ಬುದ್ಧಿ."

"ಈಗ?"

"ಈಗ್ಲೂ ಐತೆ."

ವಿಭೂತಿಯ ಗಟ್ಟಿಗೆ ಬೆರಳು ಉಜ್ಜಿ, ಹಣೆಗೆ ಹಚ್ಚುವುದನ್ನು ಬಿಟ್ಟು, ನನ್ನ ಖಾಲಿ ಅಂಗೈಯ ನಡುವೆ ಹಚ್ಚಿದರು. "ಇದ್ನ ಊರಲ್ಲಿ ಯಾರ್ಗೂ ಹೇಳ್ಬ್ಯಾಡ" ಎಂದಷ್ಟೇ ಹೇಳಿ ಒಳಗೆ ಎದ್ದು ಹೋದರು.

ಹೇಳಲಿಲ್ಲ. ನಿಮ್ಮಪ್ಪನಿಗೂ ಹೇಳಲಿಲ್ಲ. ಈಗ ಅಯ್ಯನವರು ಇಲ್ಲ. ನೀನು ಕೇಳಿದೆ ಎಂದು ಬರೆದಿದ್ದೇನೆ. ಕರಡಿಗೆ ತೆಗೆಯುವ ಮುಂಚೆ ಬರಿಗೈ ಚಾಚಿ ಕೂರುವಾಗ ಇವತ್ತೂ ಹೆದರಿಕೆಯಾಗುತ್ತದೆ ಗಿರಿಜಾ. ಇವತ್ತು ಏನೂ ಮಿಡಿಯದಿದ್ದರೆ ಎಂದು. ಅದಕ್ಕೇ ಅಷ್ಟು ಹೊತ್ತು.

ನಾಳೆ ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಬೇಡ. ಒಳಗೆ ಬಾ, ತಮ್ಮನನ್ನೂ ಕರೆದುಕೊಂಡು ಬಾ. ನನ್ನ ಪಕ್ಕ ಕೂತು ಕೈ ಚಾಚಿ. ಅಲುಗಬೇಡಿ. ಮಾತಾಡಬೇಡಿ. ಅಳು ಬಂದರೆ ಅಳಬಹುದು.